ದೊಡ್ಡಬೈರಪ್ಪನ ಜೋಡಿನಳಿಗೆ ಕೋವಿ

ನಗಬೇಡಿ. ಇದು ಎನ್.ಆರ್. ಕಾಲೋನೀಲಿ ನಮ್ಮ ಪಕ್ಕದ್ಮನೆ ದೊಡ್ಡಬೈರಪ್ಪನೋರಿಗೆ ಆಗಿದ್ದು. ಐವತ್ಮೂರನೇ ಇಸವಿ.

ಊರ ಕಡೆ ಹೊಲಕ್ಕೆ ಕಾಡುಹಂದಿ ಕಾಟ ಅಂತ ಅವರು ಒಂದು ಹಳೇ ಕೋವಿ ಕೊಂಡಿದ್ರು. ನಳಿಗೆ ಮೇಲೆ ದಂಡಿನ, ಅದೇ ಕಂಟೋನ್ಮೆಂಟಿನ, ಯಾವುದೋ ಅಂಗಡಿ ಹೆಸರು, ಅಷ್ಟೇ. ಚಾಮರಾಜಪೇಟೇಲಿ ಕೋವಿ ರಿಪೇರಿ ಮಾಡ್ತಿದ್ದ ಮರಿಯಣ್ಣನಿಗೆ ಒಂದು ಸಂಜೆ ತೋರಿಸಿದ್ರು.

"ಇದು ಮಾರಿದೋರ ಹೆಸರು ಗೌಡ್ರೆ. ಮಾಡಿದೋರು ಬೇರೆ. ಅವರ ಗುರುತು ನಳಿಗೆ ಕೆಳಗಿರತ್ತೆ. ಈ ಮರದ ಹಿಡಿ ಬಿಚ್ಚಬೇಕು, ತುಕ್ಕು ಹಿಡಿದು ಕಚ್ಕೊಂಡಿದೆ. ಎಣ್ಣೆ ಬಿಟ್ಟಿದೀನಿ, ನಾಳೆ ತನ್ನಿ."

"ನಾಳೆ ಮೊದಲ್ನೇ ಬಸ್ಸಿಗೆ ಹೊಲಕ್ಕೆ ಹೊರಟಿದೀನಲ್ಲಪ್ಪ. ಹೊಸ ತೋಟಾನೂ ತಂದಾಯ್ತು."

"ವಯಸ್ಸು ಗೊತ್ತಾಗ್ದೆ ಹಾರಿಸ್ಬೇಡಿ. ಹಳೇ ಕರಿಮದ್ದಿನ ಕಾಲದ್ದಾದ್ರೆ ಈಗಿನ ತೋಟಾದ ಜೋರು ತಡೆಯಲ್ಲ. ಸಿಡಿಯತ್ತೆ."

ಬೈರಪ್ಪನೋರು ಹೂಂ ಅಂದ್ರು. ಮನಸ್ಸಲ್ಲಿ ಮಾತ್ರ ಹೊರಡೋದೇ ಅಂತಿತ್ತು.

ಕತ್ತಲಾಗಿತ್ತು. ಕೋವಿಗೆ ಗೋಣಿ ಸುತ್ತಿ ಹೆಗಲ ಮೇಲಿಟ್ಕೊಂಡು ಬರ್ತಿದಾರೆ. ಬಸವನಗುಡಿ ದಾಟಿದ್ಮೇಲೆ ಆಗ ಒಂದು ಆಲದಮರ ಇತ್ತು, ಪಕ್ಕದಲ್ಲೇ ಚಪ್ಪಡಿ ಮುಚ್ಚಿದ ಹಾಳುಬಾವಿ. ಅಲ್ಲಿಗೆ ಬರ್ತಿದ್ದ ಹಾಗೆ... ಗೋಣಿ ಒಳಗೆ... ಟಕ್.

ಕೋವಿ ಕುದುರೆ, ಅದೇ ತೋಟಾಗೆ ಬಡಿಯೋ ಕೊಕ್ಕೆ, ಹಿಂದಕ್ಕೆಳೆದಾಗ ಬರತ್ತಲ್ಲ, ಆ ಸದ್ದು. ನಿಂತ್ರು. ಸ್ವಲ್ಪ ಬಿಟ್ಟು ಇನ್ನೊಂದು... ಟಕ್.

ಚಪ್ಪಡಿ ಮೇಲೆ ಯಾರೋ ಕೂತಿದ್ರು. ಮುಖ ಕಾಣ್ಲಿಲ್ಲ. ಚಪ್ಪಡಿ ಮೇಲೆ ಊರಿದ್ದ ಎಡಗೈಲಿ ಹೆಬ್ಬೆರಳಿರ್ಲಿಲ್ಲ. ಸುಟ್ಟ ಮದ್ದಿನ ವಾಸನೆ.

"ಬೆಲ್ಜಿಯಂದು..." ಪಿಸುದನಿ. "ಕೆಳಗೆ ಮೊಟ್ಟೆ ಆಕಾರದ ಮುದ್ರೆ. ಪಕ್ಕದಲ್ಲಿ ಮೀನಿನ ಗುರುತು. ಎಡಗಡೆ ನಳಿಗೆಗೆ ಬೆಸುಗೆ ಹಾಕವ್ರೆ."

"ಯಾ... ಯಾರು ನೀವು?"

"ಕರಿಮದ್ದಿಂದು. ಹಾರಿಸ್ಬ್ಯಾಡಿ."

ಅಷ್ಟೇ. ಚಪ್ಪಡಿ ಖಾಲಿ. ಹೇಗೋ ಮನೆ ಸೇರಿ ಗೋಣಿ ಬಿಚ್ಚಿದ್ರೆ, ಎರಡು ಕುದುರೇನೂ ಹಿಂದಕ್ಕೆ ಬಾಗಿ ನಿಂತಿದ್ವು. ಹೆಂಡತಿ ಮುನಿಯಕ್ಕ ತುಳಸಿ ನೀರು ಕುಡಿಸಿ, "ನಾಳೆ ಎಲ್ಲಿಗೂ ಹೋಗ್ಬೇಡಿ" ಅಂತ ಕೂರಿಸಿದ್ರು.

ಬೆಳಗ್ಗೆ ಅವರು ನಮ್ಮ ಬಾಗಿಲು ತಟ್ಟಿದ್ರು. "ಒಬ್ನೇ ಹೋಗಕ್ಕಾಗಲ್ಲ, ಬರ್ತೀರಾ?" ಹೋದೆ.

ಮರಿಯಣ್ಣ ಸುತ್ತಿಗೇಲಿ ಮೆಲ್ಲಗೆ ತಟ್ಟಿದ. ಟಿಣ್... ಟಿಣ್... ಕಿರ್ ಅಂತ ಹಿಡಿ ಬಿಟ್ಕೊಂತು. ಮೊಟ್ಟೆ ಆಕಾರದ ಮುದ್ರೆ. ಮೀನು. ಎಡಗಡೆ ನಳಿಗೆ ಉದ್ದಕ್ಕೂ ಹಿತ್ತಾಳೆ ಬೆಸುಗೆ.

"ಅರವತ್ತು ವರ್ಷದ ಮೇಲಾಗಿದೆ. ಸಿಡಿದಿದ್ದನ್ನ ಮುಚ್ಚಿ ಮಾರವ್ರೆ," ಅಂದ ಮರಿಯಣ್ಣ. "ಬೆಸುಗೆ ಹಾಕಿದ್ಮೇಲೆ ಈ ಹಿಡಿ ಯಾರೂ ಬಿಚ್ಚಿಲ್ಲ."



ಮರಿಯಣ್ಣ ಆ ಮರದ ಹಿಡೀನ ಮಗುಚಿ ಹಲಗೆ ಮೇಲೆ ಕುಟ್ಟಿದ. ಒಳಗಿಂದ ಏನೋ ಬಿತ್ತು. ಉಗುರು. ಹೆಬ್ಬೆರಳಿಂದು, ಇಡಿಯಾಗಿ. ಮೇಲೆ ಮದರಂಗಿ.

ನಂಬಿ, ಬಿಡಿ. ನಾನು ಪಕ್ಕದಲ್ಲೇ ನಿಂತಿದ್ದೆ. ಮರಿಯಣ್ಣ ಅದನ್ನ ಎತ್ತಿದಾಗ ಅವನ ಬೆರಳಿಗೆ ಕೆಂಪು ಅಂಟ್ತು... ಮದರಂಗಿ ಇನ್ನೂ ಹಸಿಯಾಗಿತ್ತು.