ತಾಡೋಬಾಕ್ಕೆ ಇನ್ನೊಮ್ಮೆ

ಸೀವುಡ್ಸ್ ಸ್ಟೇಷನ್ನಿನಲ್ಲಿ ಲೋಕಲ್ ರೈಲಿಗೆ ಕಾಯುತ್ತಿದ್ದ ಸೋನಾಲಿಯ ಕಿವಿಗೆ ಪಕ್ಕದ ಇಬ್ಬರು ಹೆಂಗಸರ ಕನ್ನಡ ಬಿತ್ತು.

“ಜಯಲತಾ ವೈನಿ, ತಾಡೋಬಾ ಕಾಡಿನಾಗ ಹುಲಿ ಕಂಡ್ರಂತಲ್ರೀ?”

“ಹುಲಿ ಎಲ್ಲಿ, ಕಲ್ಲವ್ವ? ನಾನು ಕಂಡದ್ದು ಗಂಡನ ಬೆನ್ನು. ವಿಡಿಯೋ ಮಾಡ್ಲಿಕ್ಕೆ ಜೀಪಿನಲ್ಲಿ ನನ್ನೆದುರೇ ಎದ್ದು ನಿಂತ್ರು.”

“ಕೂಡ್ರಿ ಅನ್ನಬೇಕಿತ್ತು!”

“ಉಸಿರೆತ್ತಬಾರ್ದು ಅಂತ ಗೈಡ್ ಹೇಳಿದ್ದ. ಈಗ ಬಂದವರಿಗೆಲ್ಲ ವಿಡಿಯೋ ತೋರಿಸಿ, ‘ಇವಳೂ ನೋಡಿದ್ಲು’ ಅಂತಾರೆ. ನಾನು ಹೂಂ ಅಂತೇನೆ.”

“ಮತ್ತೊಮ್ಮೆ ಹೋಗಿಬರ್ರಿ.”

“ಹೆಂಗಸರ ಗುಂಪಿನ ಜೊತೆ ಬುಕ್ ಮಾಡಿ ಆಯ್ತು. ಶನಿವಾರ ಹೊರಡ್ಲಿಕ್ಕುಂಟು. ಇವರಿಗೆ ಹೇಳ್ಲಿಲ್ಲ, ನಿದ್ದೆಯೇ ಬರ್ತಿಲ್ಲ ಮಾರಾಯ್ತಿ.”

“ಅಯ್ಯ, ಫೋನ್ ಬಂತ್ ನೋಡ್ರಿ. ನಿಮ್ಮ ಸಾಹೇಬ್ರದಽ!”

ಜಯಲತಾ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಅಷ್ಟರಲ್ಲಿ ಗಾಡಿ ಬಂದು ನಿಂತಿತು. ಹತ್ತುವ ನೂಕಾಟದಲ್ಲೂ ಅವಳ ದನಿ ಸೋನಾಲಿಗೆ ಸ್ಪಷ್ಟವಾಗಿ ಕೇಳಿಸಿತು:

“ಹಲೋ, ಕೇಳಿ. ಶನಿವಾರ ನಾನು ತಾಡೋಬಾಕ್ಕೆ ಹೋಗ್ತೇನೆ... ಇಲ್ಲ, ನೀವು ಬರುವುದು ಬೇಡ.”