ಮೂರು ದಿನ ನೋಡಲು ಒಯ್ದ ಕಾರಿನ ಬಗ್ಗೆ

ಹೇಳಿಕೆ ಕೊಡುವವರು: ಶ್ರೀಮತಿ ನಿರ್ಮಲಾ ಕೋಂ ವೀರೇಂದ್ರ ಹೊಸಮನಿ, ವಯಸ್ಸು 42 ವರ್ಷ, ಉದ್ಯೋಗ: ಕರ್ಜಗಿಯಲ್ಲಿ ಸರ್ಕಾರಿ ಶಾಲಾ ಶಿಕ್ಷಕಿ, ಸಾ: ಹಾವೇರಿ.

ಇಂದು ದಿನಾಂಕ 11-05-2006ರಂದು ಬೆಳಿಗ್ಗೆ 9-10ಕ್ಕೆ ರಾಣೆಬೆನ್ನೂರಿನ ಠಾಣೆಗೆ ಯಾರೂ ಕರೆಸದೆ ನಾನಾಗಿಯೇ ಹಾಜರಾಗಿ ಹೇಳಿ ಬರೆಯಿಸುವುದು ಹೀಗಿದೆ.

ನನ್ನ ಯಜಮಾನರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿಕೊಂಡಿರುತ್ತಾರೆ. ಮನೆಯಲ್ಲಿರುವ ಒಂದು ಜೀಪು ಬೆಳಿಗ್ಗೆ 7 ಗಂಟೆಗೆ ಅವರ ಜೊತೆ ಹೋದರೆ ಬರುವುದು ರಾತ್ರಿ. ನಾನು ಶಾಲೆಗೆ ಬಸ್ಸಿನಲ್ಲಿ ಹೋಗುತ್ತೇನೆ. ಹೋದ ವರ್ಷ ಬಸ್ಸು ತಪ್ಪಿ 17 ಸಲ ತಡವಾಗಿದೆ, 17 ಸಲವೂ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬಿದ್ದಿದೆ. ಆದಕಾರಣ ದಿನಾ ಓಡಾಡಲು ಕಡಿಮೆ ಬೆಲೆಯ, ದಾರಿಯಲ್ಲಿ ಕೈಕೊಡದ ಇನ್ನೊಂದು ಗಾಡಿ ಬೇಕಾಗಿತ್ತು. ಈ ಬೇಸಿಗೆ ರಜೆಯಲ್ಲಿ 20 ದಿನ ಕಾರು ಓಡಿಸುವುದನ್ನು ಕಲಿತಿದ್ದೇನೆ. ನನ್ನ ಹತ್ತಿರ ಇರುವುದು ಕಲಿಯುವವರ ಲೈಸೆನ್ಸ್ ಮಾತ್ರ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ತಾವು ನಿನ್ನೆ ಹಿಡಿದು ತಂದಿರುವ ಫಕ್ಕೀರಸಾಬರು ಕರ್ಜಗಿಯವರು, ವಯಸ್ಸು 67, ದನದ ಸಂತೆಯಲ್ಲಿ ದಲಾಲರು. ಗುತ್ತಲದ ನನ್ನ ತವರಿನಲ್ಲಿ ಮೂವತ್ತು ವರ್ಷದಿಂದ ಕಟ್ಟಿದ ಎತ್ತುಗಳೆಲ್ಲ ಅವರು ಆರಿಸಿ ತಂದವು. ಒಂದೂ ಸುಳ್ಳಾಗಿಲ್ಲ. ಕಾರು ಆರಿಸಿ ಕೊಡುತ್ತೀರೇನು ಕಾಕಾ ಎಂದು ನಾನು ಚೇಷ್ಟೆಗೆ ಕೇಳಿದ್ದೆ. ಅವರು ಚೇಷ್ಟೆಗೆ ತಗೊಳ್ಳಲಿಲ್ಲ. "ಅದಕ್ಕೂ ನಾಕ ಕಾಲ ಅದಾವಲ್ರೀ ಅಕ್ಕೋರ, ನೋಡೂಣಂತ" ಎಂದರು.

ದಿನಾಂಕ 08-05-2006, ಸೋಮವಾರ ಬೆಳಿಗ್ಗೆ 10-00ಕ್ಕೆ ನಾವಿಬ್ಬರೂ ರಾಣೆಬೆನ್ನೂರಿನ ಹೊರಗೆ ಕೊಟ್ರೇಶ ಎಂಬುವರು ಹಳೇ ಕಾರು ಮಾರುವ ಜಾಗಕ್ಕೆ ಬಂದೆವು. ಕೊಟ್ರೇಶರು ಹುಬ್ಬಳ್ಳಿಗೆ ಹೋಗಿದ್ದರು. ಅವರ ತಂದೆ ನಿಜಲಿಂಗಪ್ಪನವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಒಟ್ಟು ಆರು ಕಾರು ನಿಂತಿದ್ದವು. ನನ್ನ ಯಜಮಾನರು ಹಿಂದೊಮ್ಮೆ ಬಂದು ಅವುಗಳಲ್ಲಿ ಕೆಂಪು ಕಾರನ್ನು ಮೆಚ್ಚಿ ಹೋಗಿದ್ದರು. ಬಣ್ಣ ನೋಡಿ ಮರುಳಾಗುವುದು ಮೆಣಸಿನಕಾಯಿಯವರ ಕಸುಬು, ಅವರದೇನೂ ತಪ್ಪಿಲ್ಲ.

ಫಕ್ಕೀರಸಾಬರು ಕೆಂಪು ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟು ಎರಡು ನಿಮಿಷ ಸುಮ್ಮನೆ ನಿಂತರು. ಆಮೇಲೆ ನನ್ನನ್ನು ಹತ್ತು ಹೆಜ್ಜೆ ಆಚೆ ಕರೆದು, "ಮೈ ಬೆಚ್ಚಗೈತ್ರೀ. ಗಿರಾಕಿ ಬರೂದ್ರಾಗ ಯಾರೋ ಇದನ್ನ ಎಬ್ಬಿಸಿ ನಿಲ್ಲಿಸ್ಯಾರ. ತಾನಾಗೇ ಏಳಾಕ ಬರದ ಎತ್ತಿಗೆ ಹಿಂಗ ಮಾಡ್ತಾರ. ಇದು ಬ್ಯಾಡ" ಎಂದರು. ಜನ್ಮದಲ್ಲಿ ಬಾನೆಟ್ ತೆಗೆದು ನೋಡದ ಮನುಷ್ಯ ಮುಟ್ಟಿದ್ದಷ್ಟಕ್ಕೇ ಹೇಳಿದ ಮಾತು ಇದು. ನಾನು ಬೆರಗಾಗಿ ನಿಂತೆ.

ನಂತರ ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದ 1998ರ ಬಿಳಿ ಮಾರುತಿಯ ಹತ್ತಿರ ಹೋದರು. ಮೊಣಕಾಲೂರಿ ನಾಲ್ಕೂ ಟೈರಿನ ಮೇಲೆ ಬೆರಳಾಡಿಸಿ, ನಾಲ್ಕೂ ಗೊರಸು ಸಮ ಸವೆದಿವೆ, ಇದು ಕುಂಟುವ ಜಾತಿಯಲ್ಲ ಎಂದರು. ಹೊಗೆ ಕೊಳವೆಯೊಳಗೆ ಬೆರಳು ಹಾಕಿ ಮಸಿಯನ್ನು ಉಜ್ಜಿ ನೋಡಿ, ತಿಂದದ್ದು ಸರಿಯಾಗಿ ಕರಗುತ್ತಿದೆ ಎಂದರು. ನಿಜಲಿಂಗಪ್ಪನವರು ಕುರ್ಚಿ ಬಿಟ್ಟು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಇಬ್ಬರೂ ಕಾರಿನ ಹೊಟ್ಟೆಯ ಕೆಳಗೆ ಇಣುಕಿ ಮಾತಾಡುತ್ತಿದ್ದರು. ಸಂತೆಯಲ್ಲಿ ಇದ್ದಂತೆಯೇ ಇತ್ತು.

ಮೂರು ದಿನ ಕಟ್ಟಿ ನೋಡಿ ಆಮೇಲೆ ಮಾತು ಎಂದು ಫಕ್ಕೀರಸಾಬರು ಕೇಳಿದರು. ನಿಜಲಿಂಗಪ್ಪನವರು, "ಒಯ್ರಿ, ಅದರಾಗೇನೈತಿ. ಬುಧವಾರ ಹನ್ನೊಂದಕ್ಕ ತಂದು ನಿಲ್ಲಿಸ್ರಿ" ಎಂದು ಕೀಲಿ ಕೊಟ್ಟರು. ಚೀಟಿ ಬರೆಯಲಿಲ್ಲ. ಎತ್ತು ನೋಡಲು ಒಯ್ಯುವಾಗ ಚೀಟಿ ಬರೆಯುವುದಿಲ್ಲ. ಗೂಟ ಬರಿದಾಗಬಾರದೆಂದು ಒಯ್ಯುವವರು ತಮ್ಮ ಹೆಗಲ ಮೇಲಿನ ವಸ್ತ್ರ, ಅಂದರೆ ವಲ್ಲಿಯನ್ನು ಅಲ್ಲಿ ಕಟ್ಟಿ ಹೋಗುತ್ತಾರೆ. ಕಾರಿಗೆ ಗೂಟ ಇರಲಿಲ್ಲವಾದ್ದರಿಂದ ಫಕ್ಕೀರಸಾಬರು ತಮ್ಮ ಹಸಿರು ಅಂಚಿನ ವಲ್ಲಿಯನ್ನು ಗೇಟಿನ ಸರಳಿಗೆ ಎರಡು ಗಂಟು ಹಾಕಿ ಕಟ್ಟಿದರು. ಓದಿದವಳಾದ ನಾನು ಒಂದು ಹಾಳೆ ಬರೆದು ಕೊಡಬೇಕಾಗಿತ್ತು. ನನಗೂ ಹೊಳೆಯಲಿಲ್ಲ, ಏಕೆಂದರೆ ನಾನು ಬೆಳೆದ ಮನೆಯಲ್ಲಿ ವಲ್ಲಿ ಕಟ್ಟಿದ ಮೇಲೆ ಹಾಳೆ ಕೇಳಿದವರಿಲ್ಲ.

ಬೆಳಿಗ್ಗೆ 11-20ಕ್ಕೆ ನಾನು ಕಾರು ಓಡಿಸಿಕೊಂಡು ಹೊರಟೆ. ಮೀಟರ್ 71,304 ಇತ್ತು. ಮೋಟೆಬೆನ್ನೂರು ದಾಟಿದ ಮೇಲೆ ನೇರ ರಸ್ತೆಯಲ್ಲಿ ಸ್ಟೇರಿಂಗ್ ಸಡಿಲ ಬಿಡಲು ಹೇಳಿ ಅವರು ಹತ್ತರವರೆಗೆ ಎಣಿಸಿದರು. ಕಾರು ಗೆರೆ ಎಳೆದಂತೆ ಹೋಯಿತು. ನನ್ನ ಕೈ ನಡುಗುತ್ತಿದ್ದುದನ್ನು ನೋಡಿ, "ಹೊಡಿಯಾವ್ರ ಕೈ ನಡಗಿದ್ರೂ ತಾ ದಾರಿ ಬಿಡದಂಥಾದ್ದು ಬೇಕ್ರೀ ನಿಮಗ" ಎಂದರು.

ಮರುದಿನ ಹಿಂದಿನ ಸೀಟಿನಲ್ಲಿ ಎರಡು ಚೀಲ ಜೋಳ ಹೇರಿಸಿ ಬ್ಯಾಡಗಿಗೆ ಹೋಗಿ ಬಂದೆವು. ಆ ಬಿಸಿಲಿನಲ್ಲೂ ಕಾವಿನ ಮುಳ್ಳು ಅರ್ಧ ದಾಟಲಿಲ್ಲ. ಸಂಜೆ ನಮ್ಮ ಅಂಗಳದಲ್ಲಿ ಕಾರಿನ ಕೆಳಗೆ ನನ್ನ ಯಜಮಾನರ ಹಳೇ ಬಿಳಿ ಪಂಚೆಯನ್ನು ಹಾಸಿಸಿ ಫಕ್ಕೀರಸಾಬರು ಕರ್ಜಗಿಗೆ ಹೋದರು. ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಪಂಚೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಎಣ್ಣೆಯ ಒಂದು ಹನಿಯೂ ಇರಲಿಲ್ಲ. ತಣ್ಣಗಿದ್ದ ಕಾರು ಒಂದೇ ಕೀಲಿಗೆ ಎದ್ದಿತು. ಅವರು ಬಾನೆಟ್ ತಟ್ಟಿ, "ಬಂಗಾರ" ಎಂದಷ್ಟೇ ಹೇಳಿದರು. ಅಕ್ಷರ ಬಾರದ ಆ ಮನುಷ್ಯನ ಮುಂದೆ ನನ್ನ ಇಪ್ಪತ್ತು ವರ್ಷದ ಪಾಠ ಹೇಳುವ ಕೆಲಸ ನನಗೆ ಸಣ್ಣದಾಗಿ ಕಂಡಿತು.

ಅದೇ ದಿನ 10-50ಕ್ಕೆ ರಾಣೆಬೆನ್ನೂರು ತಲುಪಿದೆವು. ಹಸಿದದ್ದನ್ನು ಮರಳಿ ಕಟ್ಟಬಾರದು, ಪೆಟ್ರೋಲ್ ತುಂಬಿಸಿಕೊಂಡು ಬನ್ನಿ ಎಂದು ಹೇಳಿ ಅವರು ಬಂಕಿನ ಹತ್ತಿರ ಇಳಿದು, ಮಾತು ಕೊಟ್ಟ ಹೊತ್ತು ಮೀರಬಾರದೆಂದು ಸುಮಾರು 300 ಮೀಟರ್ ಮುಂದೆ ನಡೆದು ಹೋದರು. 11-10ಕ್ಕೆ ನಾನು ಬರುವಷ್ಟರಲ್ಲಿ, ವಲ್ಲಿಯ ಗಂಟಿಗೆ ಕೈ ಹಾಕಿದ್ದ ಅವರನ್ನು ಪೊಲೀಸರು ಜೀಪಿಗೆ ಹತ್ತಿಸುತ್ತಿದ್ದರು. ಕಾರು ಕಾಣದೆ ಪೊಲೀಸರನ್ನು ಕರೆಸಿದ್ದ ಕೊಟ್ರೇಶರು, ವಲ್ಲಿ ಇವನದೇ, ಕಾರು ಕದ್ದವನು ಇವನೇ ಎಂದು ಕೂಗುತ್ತಿದ್ದರು. ಫಕ್ಕೀರಸಾಬರು ನನ್ನನ್ನು ನೋಡಿದರು. ನೋಡಿ ಮುಖ ಆಚೆ ತಿರುಗಿಸಿದರು.

ನಾನು ಕಾರು ನಿಲ್ಲಿಸಲಿಲ್ಲ. ಸೀದಾ ಹಾವೇರಿಗೆ ಹೋದೆ. ಲೈಸೆನ್ಸ್ ಇಲ್ಲ, ಕಳ್ಳತನದ ಕೇಸು, ಸರ್ಕಾರಿ ನೌಕರಿ ಎಂದು ಹೆದರಿದೆ. ಇದಕ್ಕೆ ಬೇರೆ ಕಾರಣ ನನ್ನ ಹತ್ತಿರ ಇಲ್ಲ.

ಸಂಜೆ 6-15ಕ್ಕೆ ಫಕ್ಕೀರಸಾಬರ ಹೆಂಡತಿ ರಸೂಲಬಿಯವರು ಫೋನ್ ಮಾಡಿದರು. ಠಾಣೆಗೆ ಬುತ್ತಿ ಕೊಡಲು ಹೋಗಿದ್ದರಂತೆ. ಕಾರನ್ನು ತಾನೇ ಓಡಿಸಿಕೊಂಡು ಹೋದೆ, ಎಲ್ಲಿಟ್ಟಿದ್ದೇನೆಂದು ಹೇಳುವುದಿಲ್ಲ ಎಂದು ಫಕ್ಕೀರಸಾಬರು ಪೊಲೀಸರಾದ ತಮ್ಮ ಮುಂದೆ ಹೇಳಿರುವುದು ಆಗ ನನಗೆ ತಿಳಿಯಿತು. "ನೀವು ಬರಬಾರದಂತ್ರೀ ಅಕ್ಕೋರ. ನಿಮ್ಮ ನೌಕರಿಗೆ ಕುತ್ತು ಬರತೈತಂತ. ಅವರಿಗೆ ಸೈಕಲ್ ಸೈತ ಹೊಡಿಯಾಕ ಬರೂದಿಲ್ರೀ ನಮ್ಮವ್ವಾ" ಎಂದು ಹೇಳಿ ಅತ್ತರು. ರಾತ್ರಿ ಯಜಮಾನರಿಗೆ ಎಲ್ಲ ಹೇಳಿದೆ. ಜೊತೆಗೆ ಬರುತ್ತೇನೆಂದರು. ಬೇಡವೆಂದೆ.

ಇಂದು ಬೆಳಿಗ್ಗೆ 5-45ಕ್ಕೆ ಅದೇ ಕಾರಿನಲ್ಲಿ ಒಬ್ಬಳೇ ಹೊರಟೆ. ಯಜಮಾನರು ರಾತ್ರಿಯೇ ಪರಿಚಯದವರಲ್ಲಿ ವಿಚಾರಿಸಿ ತಿಳಿದಂತೆ ನಿಜಲಿಂಗಪ್ಪನವರು ಸೋಮವಾರ ಸಂಜೆಯೇ ಐರಣಿಯ ಮಗಳ ಮನೆಗೆ ಹೋಗಿದ್ದು, ಮಗನಿಗೆ ಹೇಳಲು ಮರೆತಿದ್ದರು. ಅವರಲ್ಲಿ ಫೋನ್ ಇಲ್ಲ. ಐರಣಿಗೆ ಹೋಗಿ ಅವರನ್ನು ಕೂರಿಸಿಕೊಂಡು ಬಂದಿದ್ದೇನೆ. ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಕೊಟ್ರೇಶರು ಗೊತ್ತಿಲ್ಲದೆ ದೂರು ಕೊಟ್ಟಿದ್ದಾರೆ, ಅವರ ಮೇಲೆ ನನ್ನದೇನೂ ತಕರಾರಿಲ್ಲ.

ಮೀಟರ್ ಈಗ 71,539 ಇದೆ. ಈ 235 ಕಿ.ಮೀ. ಅಷ್ಟೂ ನಾನೇ ಓಡಿಸಿದ್ದು. ಇಂದು ದಾರಿಯುದ್ದಕ್ಕೂ ನನ್ನ ಕೈ ನಡುಗುತ್ತಿತ್ತು. ಕಾರು ಒಂದು ಸಲವೂ ದಾರಿ ಬಿಡಲಿಲ್ಲ. ಸಂಶಯವಿದ್ದರೆ ಫಕ್ಕೀರಸಾಬರನ್ನು ಅದರ ಸೀಟಿನಲ್ಲಿ ಕೂರಿಸಿ ನೋಡಬೇಕು. ಕೀಲಿ ಎಲ್ಲಿ ಹಾಕುವುದೆಂದೂ ಅವರಿಗೆ ಗೊತ್ತಿಲ್ಲ. ಇದರಲ್ಲಿ ಕಳ್ಳತನ ಇರುವುದಾದರೆ ಕಳ್ಳಿ ನಾನು. ಲೈಸೆನ್ಸ್ ಇಲ್ಲದೆ ಓಡಿಸಿದ ತಪ್ಪಂತೂ ನನ್ನದೇ.

ಬರುವಾಗ ಕೊಟ್ರೇಶರ ಗೇಟಿನ ಹತ್ತಿರ ನಿಂತು ನೋಡಿದೆ. ವಲ್ಲಿ ಹಾಗೆಯೇ ಇದೆ, ಒಂದು ಗಂಟು ಬಿಚ್ಚಿದೆ, ಒಂದು ಉಳಿದಿದೆ. ನಾನು ಮುಟ್ಟಿಲ್ಲ. ಅದನ್ನು ಕಟ್ಟಿದವರೇ ಬಿಚ್ಚಬೇಕು. ಅವರನ್ನು ಬಿಟ್ಟರೆ ಅಲ್ಲಿಯವರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಈ ಸಲ ನಡೆದುಕೊಂಡು. ಕಾರಿನ ಕೀಲಿಯನ್ನು ತಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ.

ಬರೆದದ್ದನ್ನು ನನಗೆ ಓದಿ ಕೇಳಿಸಿದ್ದಾರೆ. ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ರಾಣೆಬೆನ್ನೂರು
ದಿನಾಂಕ: 11-05-2006, ಬೆಳಿಗ್ಗೆ 10-40

(ಸಹಿ)
ನಿರ್ಮಲಾ ವೀ. ಹೊಸಮನಿ