ಹನ್ನೊಂದನೇ ಸಾಲು

ಬಾಗಲಾ ಮುಂದ ಮಾಡ್ರಿ... ಚಿಲಕಾ ಹಾಕಬ್ಯಾಡ್ರಿ, ಬರೇ ಮುಂದ ಮಾಡ್ರಿ. ಕರೆಂಟ್ ಬರೂದ್ರಾಗ ಹೇಳಿ ಮುಗಸ್ತೇನಿ. ಇದು ಅವರಿವರು ಹೇಳಿದ್ದಲ್ಲ. ನಮ್ಮ ಕಾಕಾನ ಮಗಳು ರಂಜನಾಗ ಆಗಿದ್ದು, ಹ್ವಾದ ಸುಗ್ಗ್ಯಾಗ, ಇದ ಆಡೂರಾಗ.

ಅವತ್ತ ರಂಜನಾ ಹಾನಗಲ್ಲಿಂದ ಕಡೀ ಬಸ್ಸಿಗೆ ಬಂದು ಕ್ರಾಸಿನ್ಯಾಗ ಇಳದಾಗ ರಾತ್ರಿ ಹತ್ತಾಗಿತ್ತು. ಅಲ್ಲಿಂದ ಊರಿಗೆ ಕಾಲುದಾರಿ. ನಡುವ ಆಲದ ಗಿಡ, ಅದರ ಬುಡಕ್ಕ ಹಳೇ ಬಾವಿ. ನೀವೆಲ್ಲಾ ನೋಡೀರಿ. ಹೆಗಲಿಗೆ ಬ್ಯಾಗು, ಬ್ಯಾಗಿನ್ಯಾಗ ಆಫೀಸಿನ ಲ್ಯಾಪ್‌ಟಾಪು... ಬಂದ್ ಮಾಡಿದ್ದು. ಬಂದ್ ಮಾಡಿತ್ತು ಅನ್ನೂದು ನೆನಪಿಡ್ರಿ.

ಅಕಿ ಮನಸ್ಸು ಅವತ್ತ ಭಾಳ ಕೆಟ್ಟಿತ್ತು. ಹಾನಗಲ್ಲಾಗ ಕುಬೇರಪ್ಪನವರದು ಸಣ್ಣ ಆಫೀಸು, ಮೊಬೈಲಿಗೆ ಆ್ಯಪ್ ಮಾಡಿಕೊಡ್ತಾರ. ತಿಳವಳ್ಳಿ ಕಡೆ ಭತ್ತ ಬೆಳೆಯೋರ ಸಂಘಕ್ಕ ಒಂದು ಮೆಸೇಜಿನ ಆ್ಯಪ್ ಮಾಡಾಕತ್ತಿದ್ರು. ಕಟಾವಿನ ಮಷೀನ್ ಇವತ್ತ ಯಾರ ಹೊಲಕ್ಕ, ನಾಳೆ ಯಾರ ಪಾಳಿ, ಅದು ಎಲ್ಲಾರ ಫೋನಿಗೂ ಒಮ್ಮೆಲೆ ಮುಟ್ಟಬೇಕು. ಮರದಿನ ಮುಂಜಾನೆ ಸಂಘದಾಗ ಅದನ್ನ ನಡಸಿ ತೋರಸೂದಿತ್ತು. ನಡದ್ರ ರಂಜನಾನ ಕೆಲಸ ಕಾಯಂ, ಇಲ್ಲಾಂದ್ರ ಬ್ಯಾರೆಯವರನ್ನ ನೋಡ್ತೇನಿ ಅಂತ ಕುಬೇರಪ್ಪನವರು ಹೇಳಿಬಿಟ್ಟಿದ್ರು.

ಆ ಕೆಲಸ ಮದಲ ಶೀಲಾಂದು. ಶೀಲಾನೂ ನಮ್ಮೂರಾಕೀನ, ರಂಜನಾನ ಜೋಡಿ ಕಲತಾಕಿ. ನಮ್ಮೂರಾಗ ಸಿಗ್ನಲ್ ಚಲೋ ಸಿಗೂದು ಆ ಬಾವಿ ಕಟ್ಟಿ ಮ್ಯಾಲ ಒಂದ. ಶೀಲಾ ದಿನಾ ಸಂಜಿಕ್ಕ ಅಲ್ಲೆ ಕುಂತು ಲ್ಯಾಪ್‌ಟಾಪ್ ಬಡಿಯಾಕಿ. ಆ ವರ್ಷ ಮಳಿಗೆ ಕಟ್ಟಿ ಪಾಚಿಗಟ್ಟಿತ್ತು... ಜಾರಿದ್ಲು. ಮುಂಜಾನೆ ತಗದ್ರು.

ಸತ್ತಾಕಿ ಮ್ಯಾಲ ಯಾರರೆ ಹೊಟ್ಟಿಕಿಚ್ಚು ಪಡ್ತಾರೇನ್ರಿ? ರಂಜನಾ ಪಟ್ಲು. ಸುಳ್ಳ ಯಾಕ ಹೇಳ್ಲಿ. ಶೀಲಾನ ತಿರಗೋ ಕುರ್ಚಿ ಆಫೀಸಿನ್ಯಾಗ ಹಂಗ ಖಾಲಿ ಇತ್ತು, ಅದರಾಗ ಯಾರನ್ನೂ ಕುಂಡ್ರಸ್ತಿರಲಿಲ್ಲ. ಕಸಾ ಹೊಡಿಯೋ ತಿಪ್ಪವ್ವ ದಿನಾ ಅದರ ಮ್ಯಾಲ ಒಂದ ಮಲ್ಲಿಗಿ ಹೂ ಇಡಾಕಿ. ರಂಜನಾ ಎಂಟು ತಿಂಗಳಿಂದ ಕೆಂಪ ಪ್ಲಾಸ್ಟಿಕ್ ಕುರ್ಚಿ ಮ್ಯಾಲ. ಏನ ಮಾಡಿ ತೋರಿಸಿದ್ರೂ ಕುಬೇರಪ್ಪನವರದು ಒಂದ ಮಾತು, ಶೀಲಾ ಆಗಿದ್ರ ಒಂದ ತಾಸಿನ್ಯಾಗ ಮುಗಸ್ತಿದ್ಲು ಅಂತ. ಹೊಟ್ಟಿ ಉರಿಯೂದಿಲ್ಲೇನು?

ಈಗ ಕೇಳ್ರಿ. ಆ್ಯಪ್ ಅಂದ್ರ ಒಬ್ಬರ ಕುಂತು ಪೂರಾ ಬರಿಯೂದಲ್ಲ. ಬ್ಯಾರೆಯವರು ಬರದಿಟ್ಟ ತುಣುಕು ತಂದು ಜೋಡಸ್ತಾರ, ಅವಕ್ಕ ಲೈಬ್ರರಿ ಅಂತಾರ. ಯಾವ್ಯಾವು ಬೇಕು ಅಂತ ಒಂದ ಯಾದಿ ಬರದಿಟ್ರ ಸಾಕು, ಕಂಪ್ಯೂಟರ್ ತಾನ ಹುಡುಕಿ ತಂದು ಹಚ್ಚಗೋತೈತಿ. ಈ ಆ್ಯಪಿನ ಯಾದ್ಯಾಗ ಹನ್ನೊಂದು ಸಾಲು. ಹತ್ತು ಹೊರಗಿನವರು ಮಾಡಿದ್ದು. ಹನ್ನೊಂದನೇದ್ದು ಶೀಲಾ ಮಾಡಿಟ್ಟಿದ್ದು, ಮೆಸೇಜನ್ನ ಫೋನಿಂದ ಫೋನಿಗೆ ಮುಟ್ಟಸೂದು ಅದರ ಕೆಲಸ. ಅದಕ್ಕ ಹೆಸರೂ ತಂದ ಇಟ್ಟಿದ್ಲು... ಶೀಲಾ-ಸಂದೇಶ.

ರಂಜನಾ ಆ ಸಾಲು ಅಳಿಸಿಬಿಟ್ಲು. ಆ ಜಾಗಾದಾಗ ತಂದ ಒಂದ ಇಡ್ತೇನಿ ಅಂತ ಹಟಾ. ನಾಕ ದಿನಾ ಬಡದಾಡಿದ್ಲು. ಮೆಸೇಜ್ ಹೋಗೂದು, ಮುಟ್ಟತಿರಲಿಲ್ಲ. ಅವತ್ತ ಸಂಜಿಕ್ಕ ಸಿಟ್ಟಿಗೆದ್ದು ತಾ ಬರದದ್ದನ್ನೂ ಎಲ್ಲಾ ಅಳಿಸಿ ಒಗದ್ಲು. ಶೀಲಾನ ಸಾಲು ತಿರಗಿ ಬರಿಯೂದು ಅರ್ಧಾ ನಿಮಿಷದ ಕೆಲಸ. ಕೆಲಸ ಹೋದ್ರ ಹೋಗ್ಲಿ, ಅಕಿ ಹೆಸರು ನನ್ನ ಕೈಲೆ ಬರಿಯಂಗಿಲ್ಲ ಅಂತ ಲ್ಯಾಪ್‌ಟಾಪ್ ಮುಚ್ಚಿ ಬಸ್ ಹತ್ತಿದ್ಲು. ಅಷ್ಟು ಉರಿ.

ಆಲದ ಗಿಡದ ಹಂತ್ಯಾಕ ಬಂದ್ಲು. ಗಾಳಿ ಇರಲಿಲ್ಲ. ದೂರ ಕಬ್ಬಿನ ಹೊಲದಾಗ ನೀರಿನ ಮೋಟರ್ ಗುಂಯ್ ಅನ್ನಾಕತ್ತಿತ್ತು... ಅದೂ ನಿಂತ್ತು.

ಟಕ ಟಕ ಟಕ ಟಕ...

ಏನರೆ ಹುಳಾ ಇರಬೇಕು ಅನ್ಕೊಂಡ್ಲು. ಹುಳಾ ಹಂಗ ಒದರೂದಿಲ್ರಿ. ಟಕ ಟಕ ಟಕ... ಜರಾ ತಡದು... ಟಕ್. ಟಕ್.

ರಂಜನಾ ಅಲ್ಲೇ ನಿಂತ್ಲು. ಎಂಟರ್ ಗುಂಡಿ ಎರಡೆರಡ ಸರ್ತಿ ಒತ್ತೋ ಚಟಾ ಒಬ್ಬಾಕೀಗೆ ಇತ್ತು. ಒಂದ ಸರ್ತಿ ಸಾಕ ಅಂದ್ರೂ ಕೇಳತಿರಲಿಲ್ಲ.

ಕಟ್ಟಿ ಕಡೆ ನೋಡ್ಲಿಲ್ಲ... ತನ್ನ ಚಪ್ಪಲಿ ನೋಡಕೋತ ನಿಂತ್ಲು. ಹಸೀ ಪಾಚಿ ವಾಸನಿ ಬಂತು.

"ಬಸ್ ತಡಾ ಆತೇನ?"

ಪಿಸುಮಾತು. ದಿನಾ ಕೇಳಿದಂಗ.

"ನನ್ನ ಸಾಲು ಯಾಕ ತಗದಿ, ರಂಜಿ?"

ರಂಜಿ ಅಂತ ಕರಿಯಾಕಿ ಶೀಲಾ ಒಬ್ಬಾಕೀನ. ಅಷ್ಟ ಅಂಜಿಕ್ಯಾಗೂ ನೋಡ್ರಿ, ಅಕಿಗೆ ಹೊಟ್ಟ್ಯಾಗಿನ ಕಿಚ್ಚ ಮದಲ ಬಾಯಿಗೆ ಬಂತು.

"ಎಲ್ಲಾರೂ ನಿನ್ನ ಹೆಸರ ಹೇಳ್ತಾರ. ಸತ್ತ ಮ್ಯಾಲೂ ನಿಂದ... ನಂದು ಯಾರೂ ಹೇಳಂಗಿಲ್ಲ."

ಬಾವ್ಯಾಗ ಬುಳಕ್ ಅಂತು... ಒಂದ ಸರ್ತಿ.

"ಅಷ್ಟನಾ?"

ಟಕ ಟಕ ಟಕ ಟಕ... ಟಕ್. ಟಕ್.

ಆಮ್ಯಾಲ ಏನೂ ಇಲ್ಲ. ಮೋಟರ್ ತಿರಗಿ ಗುಂಯ್ ಅಂತು. ಕೈಯಾಗಿನ ಫೋನಿನ್ಯಾಗ ಟೈಮ್ ನೋಡಿದ್ಲು... ಹತ್ತು ಗಂಟಿ ಹನ್ನೆರಡು ನಿಮಿಷ.

ರಂಜನಾ ಮನಿಗೆ ಬಂದಾಗ ಬಾಗಲಾ ತಗದಾಕಿ ನಾನ. ಅಕಿ ಮಾರಿ ಸುಣ್ಣದಂಗ ಆಗಿತ್ತು. ಬ್ಯಾಗ್ ನನ್ನ ಕೈಯಾಗ ಕೊಟ್ಟು ಕಂಬಳಿ ಹೊಚಗೊಂಡು ಬಿದ್ಲು. ಬ್ಯಾಗ್ ನಾನ ಗೂಟಕ್ಕ ಹಾಕಿದ್ನಿ.

ಮುಂಜಾನೆ ಸಂಘದಾಗ ನಲವತ್ತ ಮಂದಿ ಫೋನ್ ಹಿಡಕೊಂಡು ಕುಂತಿದ್ರು. ಆ್ಯಪ್ ಆಗಿಲ್ರಿ ಅಂತ ಹೇಳಿ ಕೈ ಮುಗದು ಬರೂದು ಅಂತ ರಂಜನಾ ಗಟ್ಟಿ ಮಾಡಿದ್ಲು. ಹೇಳೂಕಿಂತ ಮದಲ ಸುಮ್ನ ಯಾದಿ ತಗದ್ಲು. ಹತ್ತ ಸಾಲು ಇರಬೇಕಿತ್ತು. ಹನ್ನೊಂದು ಇದ್ವು. ಹನ್ನೊಂದನೇದ್ದು... ರಂಜನಾ-ಸಂದೇಶ.

ಅಂಥಾದ್ದೊಂದು ಅಕಿ ಬರದಾಕೀನ ಅಲ್ಲ. ಸಾಲು ಸೇರಿದ ವ್ಯಾಳ್ಯಾ ಅದರ ಬಾಜೂಕ ಇತ್ತು, ಹಿಂದಿನ ರಾತ್ರಿ ಹತ್ತು ಹನ್ನೆರಡು. ನಡಸಿ ನೋಡೂಣ ಅಂತ ಗುಂಡಿ ಒತ್ತಿದ್ಲು. ಕಂಪ್ಯೂಟರ್ ಹನ್ನೊಂದನ್ನೂ ತಂದು ಹಚ್ಚಗೊಂಡ್ತು. ಎಲ್ಲಿಂದ ತಂತು, ಇವತ್ತಿಗೂ ಗೊತ್ತಿಲ್ಲ. ಟಿಣ್... ಟಿಣ್ ಟಿಣ್ ಟಿಣ್. ನಲವತ್ತೂ ಫೋನಿಗೆ ಮುಟ್ಟಿತ್ತು, ಇವತ್ತಿನ ಪಾಳಿ ಮೈಲಾರಪ್ಪಂದು ಅಂತ.

ಕುಬೇರಪ್ಪನವರು ಎಲ್ಲಾರ ಮುಂದ ಹೇಳಿದ್ರು, ಶೀಲಾನಕಿಂತ ಚಲೋ ಮಾಡೀಯವಾ ಅಂತ. ಎಂಟು ತಿಂಗಳು ಅದ ಒಂದ ಮಾತಿಗೆ ಕಾದಾಕಿ ಗಳಾ ಗಳಾ ಅತ್ಲು. ಮಂದಿ ಖುಷಿಗೆ ಅಂತ ತಿಳಕೊಂಡ್ರು.

ಅವತ್ತ ರಾತ್ರಿ ನಂಗ ಎಲ್ಲಾ ಹೇಳಿದ್ಲು. "ಅಕ್ಕಾ, ತನ್ನ ಹೆಸರ ಬಿಟ್ಟಕೊಟ್ಟೂ ಅಕೀನ ದೊಡ್ಡಾಕಿ ಆದ್ಲು" ಅಂದ್ಲು. "ಇದನ್ನ ಹೆಂಗ ತಡಕೊಳ್ಲಿ?"

ಈಗ ಅಕಿ ಆ ತಿರಗೋ ಕುರ್ಚಿ ಮ್ಯಾಲನ ಕುಂಡ್ರತಾಳ. ಹೊಟ್ಟಿಕಿಚ್ಚು ಹೋಗಿಲ್ಲ.

ಅಂಜಿ ಏನೇನರೆ ಕಂಡಿರಬೇಕು ಅಂತೀರಿ, ಅಲ್ಲ? ಸಂಘಕ್ಕ ಹೊಂಡೂಕಿಂತ ಮದಲ ಆ ಲ್ಯಾಪ್‌ಟಾಪ್ ಚಾರ್ಜಿಗೆ ಹಚ್ಚಾಕ ಬ್ಯಾಗಿಂದ ತಗದಾಕಿ ನಾನ. ಬ್ಯಾಗ್ ಒಣಾ ಇತ್ತು. ಉಳದ ಗುಂಡಿ ಎಲ್ಲಾ ಒಣಾ. ಎಂಟರ್ ಗುಂಡಿ ಒಂದ ಹಸೀ ಇತ್ತು. ನನ್ನ ಸೆರಗಿಲೆ ನಾನ ಒರಸೇನಿ... ಸೆರಗಿಗೆ ಪಾಚಿ ಹತ್ತಿತು. ಆ ಸೀರಿ ಟ್ರಂಕಿನ್ಯಾಗ ಐತಿ, ಕರೆಂಟ್ ಬರ್ಲಿ, ತೋರಸ್ತೇನಿ.